ಹೋಮ್ ಲೋನ್ ಜೊತೆ ಇನ್ಶೂರೆನ್ಸ್ ‘ಕಡ್ಡಾಯ’ ಅಂತಿದ್ದಾರೆ. ಕಡಿಮೆ ಖರ್ಚಲ್ಲಿ ಯಾವುದು ತಗೊಳ್ಳೋದು?

ಮೊದಲ_ಬೀಗದಕೈ

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಮನೆಯವರೂ ಸೇರಿ ಮೊದಲ ಸಲ ಮನೆ ಕೊಳ್ತಿದ್ದೀವಿ. 20 ವರ್ಷದ ಸಾಲ, ಇಬ್ಬರ ಹೆಸರಲ್ಲೂ ಇದೆ. ಮಂಜೂರಾಗಿದೆ, ಮೂರು ವಾರದಲ್ಲಿ ನೋಂದಣಿ. ನಿನ್ನೆ ಸಹಿ ಹಾಕೋಕೆ ಹೋದಾಗ ಕಾಗದದ ಕಟ್ಟಿನ ಮಧ್ಯದಲ್ಲಿ ಒಂದು ಇನ್ಶೂರೆನ್ಸ್ ಫಾರಂ ಇತ್ತು, ಸಾಲಗಾರರು ಸತ್ತರೆ ಸಾಲ ತೀರಿಸೋ ಜೀವವಿಮೆಯದು. ಯಾರೋ ಮೊದಲೇ ಪೆನ್ಸಿಲಲ್ಲಿ ಗುಣಾಕಾರ ಚಿಹ್ನೆ ಹಾಕಿಟ್ಟಿದ್ದರು, ಅಲ್ಲಲ್ಲಿ ಸಹಿ ಮಾಡಿ ಅಂತ. ಕೇಳಿದ್ದಕ್ಕೆ ಲೋನ್ ಆಫೀಸರ್ “ಇದು ಕಡ್ಡಾಯ ಮೇಡಂ, ಎಲ್ಲರೂ ಮಾಡ್ತಾರೆ, ಕೈಯಿಂದ ಏನೂ ಕೊಡಬೇಕಿಲ್ಲ, ಸಾಲಕ್ಕೇ ಸೇರಿಸ್ತೀವಿ” ಅಂದರು. ಪ್ರೀಮಿಯಂ ಸಾಲದ ನೂರಕ್ಕೆ ಮೂರರಷ್ಟು, ಒಂದೇ ಕಂತು.

ನನಗೆ 31, ಅವರಿಗೆ 34. ಇಬ್ಬರೂ ದುಡಿಯೋರು, ಮನೆಗೆ ಬರೋ ಆದಾಯದಲ್ಲಿ ಅವರದು 60 ಭಾಗ, ನನ್ನದು 40. ಅವರು ಎರಡು ವರ್ಷದಿಂದ ಬಿಪಿಗೆ ದಿನಾ ಒಂದು ಮಾತ್ರೆ ತಗೋತಾರೆ. ಫಾರಂನ ಆರೋಗ್ಯದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಅಂತ ಟಿಕ್ ಮಾಡಿಟ್ಟಿದ್ದರು! ಸಹಿ ಹಾಕದೆ ವಾಪಸ್ ಬಂದೆ.

ಇದು ನಿಜವಾಗಿ ಕಡ್ಡಾಯವಾ? ಬೇರೆ ಕಡೆ ಅಗ್ಗ ಆಗತ್ತಾ? ಇಬ್ಬರಿಗೂ ಸೇರಿ ಒಂದಾ, ಬೇರೆ ಬೇರೆನಾ? ಉಳಿತಾಯವೆಲ್ಲ ಮುಂಗಡಕ್ಕೇ ಹೋಗಿದೆ, ಹಾಗಾಗಿ ಖರ್ಚು ಕಡಿಮೆ ಆದಷ್ಟೂ ಒಳ್ಳೇದು.

ಕಂತುಗಾರ

ಸಹಿ ಹಾಕದೆ ಬಂದಿದ್ದು ಒಳ್ಳೇದಾಯ್ತು. ನಾನು ಹಾಕಿಬಿಟ್ಟೆ, ಇನ್ನೂ ಕಟ್ತಾ ಇದ್ದೀನಿ. ಹೊರಗಡೆ ಒಂದು ಟರ್ಮ್ ಪಾಲಿಸಿ (ಇಂತಿಷ್ಟು ವರ್ಷದೊಳಗೆ ಸತ್ತರೆ ಮಾತ್ರ ದುಡ್ಡು ಬರೋ ಜೀವವಿಮೆ) ತಗೊಳ್ಳಿ, ಮುಗೀತು. ಆ ಫಾರಂ ಮೇಲೆ ಅವರಿಗೆ ಕಮಿಷನ್ ಇರತ್ತೆ, ಅದಕ್ಕೇ ಆ ಪೆನ್ಸಿಲ್ ಗುರುತು.

ಬಾಡಿಗೆಮನೆ

ಮನೆ ಕೊಳ್ಳೋ ಮುಂಚೆ ಸತ್ತರೆ ಏನಾಗತ್ತೆ ಅಂತ ಯಾರೂ ಕೇಳಲ್ಲ. ಕೊಂಡ ಮರುದಿನದಿಂದ ಎಲ್ಲರೂ ಅದನ್ನೇ ಕೇಳ್ತಾರೆ. ಅದಕ್ಕೇ ನಾನು ಬಾಡಿಗೆ.

ಅಂಕಿಸಂಖ್ಯೆ

ಮೊದಲು ಆ ‘ಕೈಯಿಂದ ಏನೂ ಕೊಡಬೇಕಿಲ್ಲ’ ಅನ್ನೋ ಮಾತಿನ ಲೆಕ್ಕ ನೋಡೋಣ. ಸಾಲ 100 ಅಂತ ಇಟ್ಟುಕೊಳ್ಳಿ, ಬಡ್ಡಿ 9%, ಅವಧಿ 20 ವರ್ಷ. ನಿಮ್ಮ ಬಡ್ಡಿ ದರ ಬೇರೆ ಇರಬಹುದು, ಆದರೆ ಲೆಕ್ಕದ ಜಾಡು ಇದೇ.

ಪ್ರೀಮಿಯಂ 3 ಸಾಲಕ್ಕೆ ಸೇರಿತು. ಆ ಮೂರಕ್ಕೂ ಇಪ್ಪತ್ತು ವರ್ಷ ಬಡ್ಡಿ ಬೀಳುತ್ತದೆ. ಕೊನೆಗೆ ನೀವು ಅದಕ್ಕಾಗಿ ಕಟ್ಟಿರುವುದು ಸುಮಾರು 6.5. ಹಾಗಾಗಿ ಹೊರಗಿನ ಪಾಲಿಸಿ ಜೊತೆ ಹೋಲಿಸುವಾಗ 3ನ್ನು ಹೋಲಿಸಬೇಡಿ, 6.5ನ್ನು ಹೋಲಿಸಿ.

ಎರಡನೆಯದು, ಸಾಲ ಹೇಗೆ ಕರಗುತ್ತದೆ ಅನ್ನೋದು. ತಿಂಗಳ ಕಂತು 0.90. ಮೊದಲ ತಿಂಗಳು ಅದರಲ್ಲಿ 0.75 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬರೀ 0.15. ಐದು ವರ್ಷ ಕಟ್ಟಿದ ಮೇಲೆ ಬಾಕಿ 88.7. ಹತ್ತು ವರ್ಷಕ್ಕೆ 71. ಹದಿನೈದಕ್ಕೆ 43. ಸಾಲ ಅರ್ಧಕ್ಕೆ ಬರುವುದು 14ನೇ ವರ್ಷದ ಕೊನೆಗೆ. ಹತ್ತು ವರ್ಷ ಆದ್ರೆ ಅರ್ಧ ತೀರಿರತ್ತೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ.

ಬ್ಯಾಂಕಿನವರು ಕೊಡುವುದು ಸಾಮಾನ್ಯವಾಗಿ ಇಳಿಯುವ ಕವರ್. ಸಾಲ ಕರಗಿದಂತೆ ವಿಮೆ ಮೊತ್ತವೂ ಕರಗುತ್ತದೆ. ಇದರಲ್ಲಿ ಒಂದನ್ನು ಖಂಡಿತ ನೋಡಿ. ಕೆಲವು ಪಾಲಿಸಿಗಳಲ್ಲಿ ಮೊತ್ತ ಸಾಲದ ಬಾಕಿ ಇಳಿಯುವ ಪಟ್ಟಿಯ ಪ್ರಕಾರ ಇಳಿಯುತ್ತದೆ, ಇನ್ನು ಕೆಲವದರಲ್ಲಿ ವರ್ಷ ವರ್ಷ ಸಮನಾಗಿ ಇಳಿಯುತ್ತದೆ. ಸಮನಾಗಿ ಇಳಿಯುವುದಾದರೆ ಹತ್ತನೇ ವರ್ಷಕ್ಕೆ ಕವರ್ 50, ಸಾಲ 71. ನಡುವಿನ 21 ಯಾರ ತಲೆಗೆ?

ಟರ್ಮ್ ಪಾಲಿಸಿಯಲ್ಲಿ ಮೊತ್ತ ಕೊನೆವರೆಗೂ 100. ಹತ್ತನೇ ವರ್ಷ ಏನಾದರೂ ಆದರೆ ಸಾಲ ತೀರಿಸಿ 29 ಮನೆಯವರ ಕೈಯಲ್ಲಿ ಉಳಿಯುತ್ತದೆ. ಇಳಿಯುವ ಕವರ್ ಇದಕ್ಕಿಂತ ಅಗ್ಗ ಇರಬೇಕು. ಎಷ್ಟು ಅಗ್ಗ ಅನ್ನೋದು ಪ್ರಶ್ನೆ. ಎರಡಕ್ಕೂ ಒಂದೇ ದಿನ, ಒಂದೇ ವಯಸ್ಸು, ಒಂದೇ ಅವಧಿ ಹಾಕಿ ದರ ತರಿಸಿ. ವ್ಯತ್ಯಾಸ ಸಣ್ಣದಾದರೆ ನಾನಂತೂ ಇಳಿಯದೇ ಇರುವುದನ್ನೇ ತಗೊಳ್ಳುತ್ತೇನೆ.

ಸಿಹಿರಕ್ತ

ಎಲ್ಲರೂ ‘ಹೊರಗಡೆ ಟರ್ಮ್ ತಗೊಳ್ಳಿ ಮುಗೀತು’ ಅಂತ ಸಲೀಸಾಗಿ ಬರೀತೀರಲ್ಲ, ನನ್ನಂಥವರಿಗೆ ಅದು ಮುಗಿಯಲ್ಲ. 29ಕ್ಕೇ ಸಕ್ಕರೆ ಕಾಯಿಲೆ ಬಂತು. ಎರಡು ಕಂಪನಿ ಬಾಗಿಲಲ್ಲೇ ವಾಪಸ್ ಕಳಿಸಿದವು. ಮೂರನೆಯದು ದುಪ್ಪಟ್ಟಿಗಿಂತ ಜಾಸ್ತಿ ಕೇಳಿತು. ಕೊನೆಗೆ ನನ್ನನ್ನ ಒಳಗೆ ಬಿಟ್ಟುಕೊಂಡಿದ್ದು ಸಾಲ ಕೊಟ್ಟವರ ಗುಂಪು ಪಾಲಿಸಿನೇ, ಅಂದ್ರೆ ತಮ್ಮ ಸಾಲಗಾರರನ್ನೆಲ್ಲ ಸೇರಿಸಿ ಅವರು ಮಾಡಿಸಿರೋದು. ಸಕ್ಕರೆ ಇದೆ ಅಂತ ಬರೆದೇ ಕೊಟ್ಟೆ, ಒಪ್ಪಿದರು. ದುಬಾರಿನೇ, ಗೊತ್ತು. ಆದ್ರೆ ಸಿಗದೇ ಇರೋ ಅಗ್ಗದ ಪಾಲಿಸಿಗಿಂತ ಸಿಕ್ಕಿದ ದುಬಾರಿ ಪಾಲಿಸಿ ವಾಸಿ.

ಹಳೇ_ಏಜೆಂಟ್

ಸಿಹಿರಕ್ತ ಹೇಳಿದ್ದು ನೂರಕ್ಕೆ ನೂರು ಸರಿ. ಗುಂಪು ಪಾಲಿಸಿಗೆ ಬೈಯೋರು ಈ ಮಾತು ಮರೀತಾರೆ. ಒಂದೇ ಎಚ್ಚರಿಕೆ, ಪ್ರಶ್ನೆ ಕಡಿಮೆ ಕೇಳಿದ ಕಡೆ ಷರತ್ತು ಜಾಸ್ತಿ ಇರತ್ತೆ. ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಯಿಂದ ಆದ ಸಾವಿಗೆ ಇಂತಿಷ್ಟು ಅವಧಿವರೆಗೆ ಅನ್ವಯಿಸುವುದಿಲ್ಲ’ ಅಂತ ಒಂದು ಸಾಲು ಎಲ್ಲಾದರೂ ಕೂತಿದೆಯಾ ಅಂತ ಹುಡುಕಿ ನೋಡಿ.

ಈಗ ಬೀಗದಕೈ ಅವರಿಗೆ. ನಾನು ಹದಿನಾಲ್ಕು ವರ್ಷ ಈ ಧಂದೆಯಲ್ಲಿದ್ದು ಬಿಟ್ಟವನು, ಮಾರೋಕೆ ಈಗ ಏನೂ ಇಲ್ಲ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ. ‘ಇನ್ಶೂರೆನ್ಸ್ ಕಡ್ಡಾಯ’ ಅಂದಾಗ ಯಾವ ಇನ್ಶೂರೆನ್ಸ್ ಅಂತ ಕೇಳಿ. ಒಂದೇ ಹೆಸರಲ್ಲಿ ಮೂರು ನಾಲ್ಕು ಬೇರೆ ಬೇರೆ ವಸ್ತು ಮಾರ್ತಾರೆ. ಬೆಂಕಿ, ನೆರೆ ಬಂದು ಕಟ್ಟಡಕ್ಕೆ ಏಟಾದರೆ ಅಂತ ಒಂದು. ಇದನ್ನ ಸಾಲ ಕೊಡೋರು ಕೇಳೋದು ಸಹಜ, ಯಾಕಂದ್ರೆ ಅಡವಿಟ್ಟಿರೋ ವಸ್ತುನೇ ಆ ಕಟ್ಟಡ. ಇನ್ನೊಂದು ನಿಮ್ಮ ಜೀವದ ಮೇಲಿನದು, ಈಗ ಮಾತಾಡ್ತಿರೋದು. ಮತ್ತೊಂದು, ನೀವು ಕಂತು ತಪ್ಪಿಸಿದರೆ ಸಾಲ ಕೊಟ್ಟವರ ನಷ್ಟ ತುಂಬಿಕೊಡೋದು. ಅದರ ಪ್ರೀಮಿಯಂ ನಿಮ್ಮಿಂದ ವಸೂಲಿ ಮಾಡಿದ್ರೂ ಅದು ಕಾಯೋದು ಅವರನ್ನ, ನಿಮ್ಮನ್ನಲ್ಲ. ಮುಂಗಡ ಕಡಿಮೆ ಇಟ್ಟವರಿಗೆ ಇದು ಗಂಟುಬೀಳತ್ತೆ. ಇದನ್ನೇ ‘ನಮಗೇನಾದ್ರೂ ಆದ್ರೆ ಸಾಲ ಮನ್ನಾ’ ಅಂದುಕೊಂಡು ನಿಶ್ಚಿಂತೆಯಾಗಿರೋ ಜನ ಇದ್ದಾರೆ. ನಾಲ್ಕನೆಯದು ಕೆಲಸ ಹೋದರೆ ಕೆಲವು ತಿಂಗಳ ಕಂತು ಕಟ್ಟೋದು.

ಜೀವವಿಮೆ ಕಡ್ಡಾಯನಾ ಅನ್ನೋದು ನೀವಿರೋ ಕಡೆಯ ನಿಯಮದ ಮೇಲೆ ನಿಂತಿದೆ. ಕಂಡುಕೊಳ್ಳೋಕೆ ಒಂದು ಸುಲಭದ ದಾರಿ ಇದೆ. ಬಾಯಲ್ಲಿ ಕೇಳಬೇಡಿ, ಇಮೇಲ್ ಹಾಕಿ. “ಜೀವವಿಮೆ ಈ ಸಾಲಕ್ಕೆ ಕಡ್ಡಾಯವೇ? ಕಡ್ಡಾಯವಾದರೆ ನಿಮ್ಮ ಪಾಲಿಸಿಯೇ ಆಗಬೇಕೇ, ನಾನೇ ಬೇರೆ ಕಡೆ ತೆಗೆದುಕೊಂಡು ನಿಮ್ಮ ಹೆಸರಿಗೆ ಅಸೈನ್ ಮಾಡಬಹುದೇ? ಮಂಜೂರಾತಿ ಪತ್ರದ ಯಾವ ಕಲಂ ಇದನ್ನು ಹೇಳುತ್ತದೆ?” ಈ ಮೂರೇ ಪ್ರಶ್ನೆ. ಬಾಯಲ್ಲಿ ಕಡ್ಡಾಯ ಆಗಿದ್ದು ಕಾಗದಕ್ಕೆ ಬರೋವಾಗ ‘ಶಿಫಾರಸು’ ಆಗೋದನ್ನ ನಾನು ಸಾಕಷ್ಟು ಸಲ ನೋಡಿದ್ದೀನಿ.

ಮೊದಲ_ಬೀಗದಕೈ

ಇಮೇಲ್ ಈಗಷ್ಟೇ ಕಳಿಸಿದೆ, ನೀವು ಬರೆದ ಮೂರು ಪ್ರಶ್ನೆ ಹಾಗೇ ಇಳಿಸಿ. ಹತ್ತು ನಿಮಿಷಕ್ಕೆ ಆಫೀಸರ್ ಫೋನ್ ಬಂತು, “ಮೇಡಂ ಇಮೇಲ್ ಎಲ್ಲ ಯಾಕೆ, ಬನ್ನಿ ಮಾತಾಡೋಣ” ಅಂತ. ಇಮೇಲಲ್ಲೇ ಉತ್ತರ ಕೊಡಿ ಅಂದಿದ್ದೀನಿ.

ಅಸೈನ್ ಅಂದ್ರೆ ಏನು ಸರ್? ನಾಮಿನಿ ಮಾಡೋದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಹಳೇ_ಏಜೆಂಟ್

ನಾಮಿನಿ ಅಂದ್ರೆ ದುಡ್ಡು ಯಾರ ಕೈಗೆ ಕೊಡಬೇಕು ಅಂತ ನೀವು ಕಂಪನಿಗೆ ಹೇಳಿಡೋದು. ಅಸೈನ್ ಅಂದ್ರೆ ಪಾಲಿಸಿ ಮೇಲಿನ ಹಕ್ಕನ್ನೇ ಸಾಲ ಕೊಟ್ಟವರಿಗೆ ಬರೆದುಕೊಡೋದು. ಸಾಲಕ್ಕೆ ಅಸೈನ್ ಮಾಡಿದ್ರೆ ಮೊದಲು ಅವರು ಬಾಕಿ ತಗೋತಾರೆ, ಮಿಕ್ಕಿದ್ದು ಮನೆಯವರಿಗೆ. ಅವರು ಕೇಳಿದ್ರೆ ಮಾತ್ರ ಮಾಡಿ, ನೀವಾಗೇ ಹೋಗಿ ಮಾಡಬೇಡಿ. ನಾಮಿನಿ ಕೈಗೆ ದುಡ್ಡು ಬಂದ್ರೆ ಸಾಲ ಪೂರ್ತಿ ತೀರಿಸೋದಾ, ಒಂದಷ್ಟು ಇಟ್ಟುಕೊಂಡು ಕಂತು ಮುಂದುವರಿಸೋದಾ ಅನ್ನೋದು ಮನೆಯವರ ಇಷ್ಟ. ಇನ್ನೊಂದು, ಅಸೈನ್ ಮಾಡಿದವರು ಸಾಲ ತೀರಿದ ಮೇಲೆ ಪಾಲಿಸಿಯನ್ನ ವಾಪಸ್ ತಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಮನೆ ಪತ್ರ ಕೈಗೆ ಬಂದ ಖುಷಿಯಲ್ಲಿ ಇದನ್ನ ಮರೆಯೋರೇ ಜಾಸ್ತಿ.

ತಂಗಿ_ಬರೀತಾಳೆ

ಸುಮ್ಮನೆ ಓದ್ತಾ ಇದ್ದೆ. ‘ಇಬ್ಬರಿಗೂ ಸೇರಿ ಒಂದಾ’ ಅಂತ ಕೇಳಿದಿರಲ್ಲ, ಅದಕ್ಕೇ ಬರೀತಾ ಇದ್ದೀನಿ.

ನಮ್ಮಣ್ಣ, ಅತ್ತಿಗೆ ಇಬ್ಬರ ಹೆಸರಲ್ಲೂ ಸಾಲ ಇತ್ತು. ದುಡೀತಿದ್ದವನು ಅಣ್ಣ ಒಬ್ಬನೇ. ಅತ್ತಿಗೆ ಹೆಸರು ಸೇರಿಸಿದ್ದು ಮನೆ ಇಬ್ಬರದೂ ಅಂತ, ಪ್ರೀತಿಗೆ. ಸಾಲದ ಜೊತೆಗೇ ಇನ್ಶೂರೆನ್ಸ್ ಕೊಟ್ಟಿದ್ದರು. ಅಣ್ಣ ಅದರ ಸರ್ಟಿಫಿಕೇಟನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನ ಒಳಬಾಗಿಲಿಗೆ ಟೇಪ್ ಅಂಟಿಸಿ ಇಟ್ಟಿದ್ದ. “ನಂಗೇನಾದ್ರೂ ಆದ್ರೆ ಇದನ್ನ ತೆಗೆದುಕೊಂಡು ಹೋಗು, ಮನೆ ನಿಂದೇ” ಅಂತಿದ್ದ. ಏಳನೇ ವರ್ಷ ಹೋದ. ಹೃದಯಾಘಾತ.

ಕ್ಲೇಮ್ ತಕರಾರಿಲ್ಲದೆ ಪಾಸಾಯ್ತು. ಕಂಪನಿ ಮೋಸ ಮಾಡಲಿಲ್ಲ, ಅದನ್ನೂ ಹೇಳಬೇಕು. ಆದರೆ ಬಂದಿದ್ದು ಬಾಕಿ ಸಾಲದ ಅರ್ಧ. ಅತ್ತಿಗೆ ಏನೋ ತಪ್ಪಾಗಿದೆ ಅಂತ ಮತ್ತೆ ಹೋದಳು, ನಾನೂ ಹೋದೆ. ಕೌಂಟರಿನ ಹುಡುಗ ಅದೇ ಸರ್ಟಿಫಿಕೇಟನ್ನ ನಮ್ಮ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ. ಎರಡನೇ ಪುಟದಲ್ಲಿ ಒಂದು ಸಣ್ಣ ಚೌಕ. ಮೊದಲ ಸಾಲಗಾರ 50%, ಎರಡನೇ ಸಾಲಗಾರ 50%. ಅಂದ್ರೆ ಅಣ್ಣನ ಜೀವಕ್ಕೆ ಅರ್ಧ ಸಾಲದಷ್ಟೇ ಬೆಲೆ ಕಟ್ಟಿದ್ದರು. ಸಂಪಾದನೆಯೇ ಇಲ್ಲದ ಅತ್ತಿಗೆ ಜೀವಕ್ಕೆ ಇನ್ನರ್ಧ. ಆ ಕವರ್ ಏಳು ವರ್ಷ ಬೀರುವಿನಲ್ಲಿ ಕಣ್ಣೆದುರಿಗೇ ಇತ್ತು. ಮೊದಲ ಪುಟ ಮಾತ್ರ ಕಾಣೋ ಹಾಗೆ ಅಂಟಿಸಿದ್ದ.

ಮನೆ ಮಾರಬೇಕಾಯ್ತು. ನೀವು ಯಾವುದೇ ತಗೊಳ್ಳಿ, ಆ ಚೌಕ ನೋಡಿ.

ಕಂತುಗಾರ

ಇದನ್ನ ಓದಿ ಎದ್ದು ಹೋಗಿ ನನ್ನ ಸರ್ಟಿಫಿಕೇಟ್ ತೆಗೆದೆ. ನನ್ನದು 70, ಹೆಂಡತಿದು 30. ಯಾರು ಯಾವಾಗ ಈ ಅಂಕಿ ಹಾಕಿದರೋ ನಂಗೆ ಗೊತ್ತೇ ಇಲ್ಲ. ನಾಳೆ ಹೋಗಿ ಕೇಳ್ತೀನಿ. ಬರೆದಿದ್ದಕ್ಕೆ ಥ್ಯಾಂಕ್ಸ್ ಅಕ್ಕ.

ಅಂಕಿಸಂಖ್ಯೆ

ತಂಗಿ ಅವರು ಬರೆದದ್ದು ಮುಖ್ಯ. ಜಂಟಿ ಪಾಲಿಸಿಯಲ್ಲಿ ಎರಡು ಬಗೆ ಅಂತ ತಿಳಿದಿರಲಿ. ಒಂದು ಮೇಲೆ ಹೇಳಿದ ಹಾಗೆ ಪಾಲು ಹಂಚಿದ್ದು. ಇನ್ನೊಂದರಲ್ಲಿ ಇಬ್ಬರಲ್ಲಿ ಯಾರು ಮೊದಲು ಹೋದರೂ ಪೂರ್ತಿ ಮೊತ್ತ ಬರುತ್ತದೆ, ಆದರೆ ಒಂದೇ ಸಲ. ಅಲ್ಲಿಗೆ ಪಾಲಿಸಿ ಮುಗಿಯಿತು. ಉಳಿದವರಿಗೆ ಆಮೇಲೆ ಏನೂ ಇಲ್ಲ, ಆ ವಯಸ್ಸಿಗೆ ಹೊಸದು ಕೊಳ್ಳಬೇಕು. ಇಬ್ಬರಿಗೂ ಬೇರೆ ಬೇರೆ ತಗೊಂಡರೆ ಸ್ವಲ್ಪ ಜಾಸ್ತಿಯಾಗಬಹುದು, ಆದರೆ ಎರಡು ಸಲ ಕ್ಲೇಮ್ ಇರುತ್ತದೆ. ಮುಂದೆ ಇಬ್ಬರೂ ಬೇರೆಯಾಗುವ ಪರಿಸ್ಥಿತಿ ಬಂದರೂ (ಬರದಿರಲಿ) ಪಾಲಿಸಿ ಹರಿದು ಹಂಚಬೇಕಾಗಿಲ್ಲ.

ಪ್ರಶ್ನೆ ಕೇಳಿದವರ ವಿಚಾರದಲ್ಲಿ 60–40 ಅಂತ ಪಾಲು ಹಾಕಿದರೆ ಸರಿಯೇ ಅಂದರೆ, ನನ್ನ ಪ್ರಕಾರ ಅಲ್ಲ. ಅವರು ಹೋದರೆ 40ರ ಸಂಬಳದಲ್ಲಿ ನೀವು ಉಳಿದ ಸಾಲದ ಕಂತೂ ಕಟ್ಟಿ ಮನೆಯೂ ನಡೆಸಬೇಕು. ಆಗುತ್ತದೆಯೇ ಎಂದು ಕೂತು ಲೆಕ್ಕ ಹಾಕಿ. ಆಗಲ್ಲ ಅಂತಾದರೆ ಇಬ್ಬರ ಮೇಲೂ ಪೂರ್ತಿ ಸಾಲದಷ್ಟು ಇರಲಿ.

ಅನುಮಾನಪ್ಪ

ಎಲ್ಲಾ ಸರಿ, ಬಿಪಿ ಮಾತ್ರೆ ವಿಷಯ ಯಾಕೆ ಅಷ್ಟು ತಲೆಕೆಡಿಸ್ಕೋತೀರಿ? ಈಗ ಯಾರಿಗಿಲ್ಲ ಬಿಪಿ. ‘ಇಲ್ಲ’ ಅಂತ ಟಿಕ್ ಮಾಡಿ ಕಡಿಮೆ ಪ್ರೀಮಿಯಂ ಕಟ್ಟಿ. ಯಾರು ಬಂದು ನೋಡ್ತಾರೆ?

ಹಳೇ_ಏಜೆಂಟ್

ಯಾರು ನೋಡ್ತಾರೆ ಅಂದ್ರೆ, ನೀವು ಬದುಕಿರೋವರೆಗೂ ಯಾರೂ ನೋಡಲ್ಲ ಅಪ್ಪಾ. ಸಮಸ್ಯೆನೇ ಅದು.

ಪ್ರೀಮಿಯಂ ಕಟ್ಟಿಸಿಕೊಳ್ಳೋವಾಗ ಯಾರೂ ಪ್ರಶ್ನೆ ಎತ್ತಲ್ಲ. ಪಾಲಿಸಿ ಶುರುವಾಗಿ ಎರಡು ಮೂರು ವರ್ಷದೊಳಗೆ ಸಾವಾದ್ರೆ ಫೈಲ್ ತನಿಖೆಗೆ ಹೋಗತ್ತೆ. ಆಸ್ಪತ್ರೆ ಕೇಸ್ ಶೀಟ್ ತರಿಸ್ತಾರೆ. ಅಡ್ಮಿಟ್ ಮಾಡೋ ಹೊತ್ತಲ್ಲಿ ಡ್ಯೂಟಿ ಡಾಕ್ಟರ್ ಕೇಳೋ ಮೊದಲ ಪ್ರಶ್ನೆನೇ “ಬಿಪಿ, ಶುಗರ್ ಇದೆಯಾ, ಎಷ್ಟು ವರ್ಷದಿಂದ?” ಗಾಬರಿಯಲ್ಲಿರೋ ಹೆಂಡತಿ ಏನಂತಾಳೆ? “ಎರಡು ವರ್ಷದಿಂದ ಮಾತ್ರೆ ತಗೋತಾರೆ ಡಾಕ್ಟ್ರೇ.” ಅವರು ಹಾಗೇ ಬರಕೋತಾರೆ. ಅವಳ ಬಾಯಿಂದಲೇ ಬಂದ ಆ ಒಂದು ಸಾಲು ಅವಳ ಕ್ಲೇಮಿಗೇ ಅಡ್ಡ ಬರತ್ತೆ. ನಾನು ಇಂಥ ಫೈಲ್ ಹಿಡಕೊಂಡು ಒಂದು ಮನೆಗೆ ಹೋಗಬೇಕಾಗಿ ಬಂತು. ಧಂದೆ ಬಿಟ್ಟಿದ್ದಕ್ಕೆ ಅದೂ ಒಂದು ಕಾರಣ.

ಮಾತ್ರೆಯಿಂದ ಹತೋಟಿಯಲ್ಲಿರೋ ಬಿಪಿಗೆ ಬಹಳ ಕಂಪನಿಗಳು ಪಾಲಿಸಿ ಕೊಡ್ತವೆ. ಸ್ವಲ್ಪ ಜಾಸ್ತಿ ಹಾಕಬಹುದು, ಕೆಲವು ಸಲ ಅದೂ ಇಲ್ಲ. ಮಾತ್ರೆ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗಿಂದ, ಇತ್ತೀಚೆಗೆ ನೋಡಿಸಿದ ಬಿಪಿ ಎಷ್ಟು ಅಂತ ಬರೆದುಕೊಡಿ. ಮತ್ತೆ ಬೀಗದಕೈ ಅವರೇ, ಫಾರಂ ನೀವೇ ತುಂಬಿ. ಬೇರೆಯವರು ಟಿಕ್ ಮಾಡಿದ್ರೂ ಕೆಳಗಿನ ಸಹಿ ನಿಮ್ಮದೇ.

ಅನುಮಾನಪ್ಪ

ಸರಿ ಸರ್. ಸುಮ್ಮನೆ ಕೇಳಿದೆ ಅಷ್ಟೇ.

ಅಂಕಿಸಂಖ್ಯೆ

ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಬಡ್ಡಿ ದರ ಬದಲಾಗುವ ಸಾಲ ತಾನೇ? ಇಳಿಯುವ ಕವರಿನ ಪಟ್ಟಿಯನ್ನು ಮೊದಲ ದಿನದ ಬಡ್ಡಿ ಇಟ್ಟುಕೊಂಡು ತಯಾರಿಸುತ್ತಾರೆ. ಬಡ್ಡಿ ಏರಿದರೆ ಆ ಪಟ್ಟಿ ಬದಲಾಗಲ್ಲ.

ಉದಾಹರಣೆಗೆ 7% ಬಡ್ಡಿಗೆ 100 ಸಾಲ, 20 ವರ್ಷ. ಪಟ್ಟಿ ಪ್ರಕಾರ ಹತ್ತನೇ ವರ್ಷಕ್ಕೆ ಕವರ್ 67ರ ಹತ್ತಿರ. ಸಾಲ ತೆಗೆದುಕೊಂಡ ಹೊಸದರಲ್ಲೇ ಬಡ್ಡಿ 9% ಆಯಿತು, ಕಂತು ಹೆಚ್ಚಿಸುವ ಬದಲು ಅವಧಿ ಹೆಚ್ಚಿಸಿಕೊಂಡಿರಿ ಅಂತಿಟ್ಟುಕೊಳ್ಳಿ. ಕಂತು 0.775, ಅದರಲ್ಲಿ ಮೊದಮೊದಲು ಬಡ್ಡಿಯೇ 0.75. ಹತ್ತು ವರ್ಷ ಕಟ್ಟಿದ ಮೇಲೂ ಬಾಕಿ 95! ಕವರ್ 67. ನಾನೇ ಎರಡು ಸಲ ಲೆಕ್ಕ ಹಾಕಿ ನೋಡಿದೆ, ನಂಬಿಕೆ ಬರಲಿಲ್ಲ.

ಸಾಲದ ಅವಧಿ ಹೀಗೆ ಹಿಗ್ಗಬಹುದು, ಅದಕ್ಕೇ ಕವರ್ ಅವಧಿ ಸಾಲದ ಅವಧಿಗಿಂತ ಎರಡು ಮೂರು ವರ್ಷವಾದರೂ ಜಾಸ್ತಿ ಇದ್ದರೆ ಒಳ್ಳೇದು ಅನ್ನೋದು.

ಸಿಹಿರಕ್ತ

ಇದಕ್ಕೆ ತದ್ವಿರುದ್ಧ ನನ್ನ ಕಥೆ. ನಾನು ಬೇಗ ಬೇಗ ಕಟ್ಟಿ ಸಾಲವನ್ನ ಬಡ್ಡಿ ಕಡಿಮೆ ಇರೋ ಇನ್ನೊಂದು ಕಡೆಗೆ ವರ್ಗ ಮಾಡಿಸಿದೆ. ಹಳೇ ಗುಂಪು ಪಾಲಿಸಿ ಏನಾಯ್ತು ಅಂತ ಕೇಳಿದ್ರೆ, ಸಾಲ ಮುಚ್ಚಿದ ದಿನವೇ ಅದೂ ಮುಚ್ಚಿತು. ಕಟ್ಟಿದ ಪ್ರೀಮಿಯಂನಲ್ಲಿ ಬಳಕೆಯಾಗದ ಭಾಗ ವಾಪಸ್ ಬರತ್ತೆ, ಆದ್ರೆ ಅರ್ಜಿ ಹಾಕಿದ್ರೆ ಮಾತ್ರ, ಅಂದರು. ಹಾಕಿದೆ, ಬಂತು. ತೀರಾ ಸಣ್ಣ ಮೊತ್ತ. ಹೊಸ ಕಡೆ ಮತ್ತೆ ಪಾಲಿಸಿ, ನಾಲ್ಕು ವರ್ಷ ಜಾಸ್ತಿ ವಯಸ್ಸಿನ ದರದಲ್ಲಿ. ಸಾಲ ಬೇರೆ ಕಡೆ ಒಯ್ಯೋ ಯೋಚನೆ ಇರೋರು ಪಾಲಿಸಿ ಜೊತೆಗೆ ಬರತ್ತಾ ಅಂತ ಮೊದಲೇ ಕೇಳಿ.

ಮೊದಲ_ಬೀಗದಕೈ

ಎಲ್ಲ ಬರೆದಿಟ್ಟುಕೊಳ್ತಾ ಇದ್ದೀನಿ. ನಮ್ಮವರು “ನೀನು ಸಾಲಕ್ಕಿಂತ ಇದಕ್ಕೇ ಜಾಸ್ತಿ ಓದ್ತಿದ್ದೀಯ” ಅಂತ ನಗ್ತಿದ್ದಾರೆ. ಒಂದು ಪ್ರಶ್ನೆ. ಪಾಲಿಸಿಗೆ ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳೋ ರೈಡರ್ ಅಂತಾರಲ್ಲ, ಕೆಲಸ ಹೋದರೆ ಕಂತು ಕಟ್ಟೋ ರೈಡರ್, ಗಂಭೀರ ಕಾಯಿಲೆ ರೈಡರ್, ಇವೆಲ್ಲ ಬೇಕಾ?

ಹಳೇ_ಏಜೆಂಟ್

ಕೆಲಸ ಹೋದರೆ ಅನ್ನೋದನ್ನ ನಾನು ಮಾರಿದಷ್ಟೂ ಬೈಸಿಕೊಂಡಿದ್ದೀನಿ. ನೀವಾಗಿ ರಾಜೀನಾಮೆ ಕೊಟ್ಟರೆ ಬರಲ್ಲ, ತಪ್ಪು ಮಾಡಿ ತೆಗೆದುಹಾಕಿದ್ರೆ ಬರಲ್ಲ, ಪಾಲಿಸಿ ತಗೊಂಡ ಮೊದಲ ಕೆಲವು ತಿಂಗಳಲ್ಲಿ ಹೋದ್ರೆ ಬರಲ್ಲ, ಸ್ವಂತ ಉದ್ಯೋಗದವರಿಗೆ ಬಹಳ ಕಡೆ ಬರೋದೇ ಇಲ್ಲ. ಬಂದ್ರೂ ಇಂತಿಷ್ಟೇ ತಿಂಗಳು. ಕಂಪನಿಯವರು ‘ನೀನೇ ರಾಜೀನಾಮೆ ಬರಕೊಡು’ ಅಂತ ಬರೆಸಿಕೊಂಡು ಕಳಿಸೋದು ಎಲ್ಲರಿಗೂ ಗೊತ್ತಿರೋದೇ, ಅಲ್ಲಿಗೆ ಕ್ಲೇಮ್ ಸತ್ತಿತು. ಆರು ತಿಂಗಳ ಕಂತು ಬೇರೆ ಖಾತೆಯಲ್ಲಿ ಇಡೋಕೆ ಶುರು ಮಾಡಿ, ಅದೇ ನಿಮ್ಮ ರೈಡರ್.

ಗಂಭೀರ ಕಾಯಿಲೆದು ಹಾಗಲ್ಲ. ಸಾಯೋದಕ್ಕಿಂತ ಕಾಯಿಲೆ ಬಿದ್ದು ದುಡಿಯೋಕಾಗದೆ ಬದುಕಿರೋ ಸಂಭವ ನಿಮ್ಮ ವಯಸ್ಸಿಗೆ ಜಾಸ್ತಿ. ದುಡ್ಡು ಮಿಕ್ಕಿದ್ರೆ ಅದನ್ನ ಅಥವಾ ಅಂಗವೈಕಲ್ಯದ್ದನ್ನ ನೋಡಿ. ಅಂಗವೈಕಲ್ಯದಲ್ಲಿ ಒಂದು ಪದ ಗಮನಿಸಿ. ‘ತನ್ನ ಉದ್ಯೋಗ ಮಾಡಲಾಗದಿದ್ದರೆ’ ಅಂತಿದೆಯಾ, ‘ಯಾವುದೇ ಉದ್ಯೋಗ ಮಾಡಲಾಗದಿದ್ದರೆ’ ಅಂತಿದೆಯಾ. ಎರಡನೆಯದಾದ್ರೆ ಕಣ್ಣು ಮಂಜಾದ ಡ್ರೈವರ್‌ಗೂ ‘ಫೋನ್ ಎತ್ತೋ ಕೆಲಸ ಮಾಡಬಹುದಲ್ಲ’ ಅಂತಾರೆ.

ಕಂತುಗಾರ

ಪ್ರೀಮಿಯಂ ಇಳಿಸೋಕೆ ನಾನು ಕಂಡುಕೊಂಡಿದ್ದು: ‘ಕೊನೆಗೆ ಕಟ್ಟಿದ ದುಡ್ಡೆಲ್ಲ ವಾಪಸ್’ ಅನ್ನೋ ಪಾಲಿಸಿ ಬೇಡ, ಅದಕ್ಕೆ ಮೊದಲೇ ಜಾಸ್ತಿ ಕಟ್ಟಿಸಿಕೊಂಡಿರ್ತಾರೆ. ಅವಧಿಯನ್ನ ಮುದಿವಯಸ್ಸಿನವರೆಗೆ ಎಳೀಬೇಡಿ. ತಿಂಗಳ ಬದಲು ವರ್ಷಕ್ಕೊಮ್ಮೆ ಕಟ್ಟಿದ್ರೆ ಸ್ವಲ್ಪ ಇಳಿಯತ್ತೆ. ಮತ್ತೆ ಪ್ರೀಮಿಯಂ ಕೊನೆವರೆಗೂ ಅಷ್ಟೇನಾ ಅಂತ ಕೇಳಿ, ಕೆಲವು ಕಡೆ ಐದು ವರ್ಷಕ್ಕೊಮ್ಮೆ ‘ಪರಿಶೀಲನೆ’ ಅಂತ ಏರಿಸ್ತಾರೆ.

ಅಂದಹಾಗೆ ಆ 70–30 ವಿಚಾರಿಸಿದೆ. ಆದಾಯದ ಲೆಕ್ಕದಲ್ಲಿ ಹಾಕಿದ್ದಂತೆ. ಈಗ ಬದಲಾಯಿಸೋಕೆ ಬರಲ್ಲ. ನನ್ನ ಹೆಸರಲ್ಲಿ ಬೇರೆ ಟರ್ಮ್ ತಗೋತಾ ಇದ್ದೀನಿ.

ಮೊದಲ_ಬೀಗದಕೈ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ.

ಇಮೇಲಿಗೆ ನಾಲ್ಕನೇ ದಿನ ಒಂದೇ ಸಾಲಿನ ಉತ್ತರ ಬಂತು. ‘ಜೀವವಿಮೆ ಕಡ್ಡಾಯವಲ್ಲ, ಗ್ರಾಹಕರ ಹಿತದೃಷ್ಟಿಯಿಂದ ಶಿಫಾರಸು ಮಾಡಲಾಗಿದೆ.’ ಹಳೇ ಏಜೆಂಟ್ ಸರ್, ನೀವು ಹೇಳಿದ ಅದೇ ಪದ! ಕಟ್ಟಡದ ವಿಮೆ ಮಾತ್ರ ಬೇಕೇ ಬೇಕು ಅಂದರು, ಅದನ್ನ ಮಾಡಿಸಿದ್ವಿ.

ಇಬ್ಬರಿಗೂ ಬೇರೆ ಬೇರೆ ಟರ್ಮ್, ಇಬ್ಬರದೂ ಪೂರ್ತಿ ಸಾಲದಷ್ಟು, 22 ವರ್ಷಕ್ಕೆ. ಇಳಿಯುವ ಕವರಿಗೂ ದರ ತರಿಸಿದ್ದೆ, ವ್ಯತ್ಯಾಸ ಅಷ್ಟೇನೂ ಇರಲಿಲ್ಲ. ನಂದು ಬೇಗ ಬಂತು. ಅವರದಕ್ಕೆ ರಕ್ತ ಪರೀಕ್ಷೆ, ಇಸಿಜಿ ಎಲ್ಲ ಮಾಡಿಸಿ ಹನ್ನೆರಡು ದಿನ ಹಿಡೀತು. ಫಾರಂ ತುಂಬೋವಾಗ ‘ಕಳೆದ ಐದು ವರ್ಷದಲ್ಲಿ ಯಾವುದಾದರೂ ಪರೀಕ್ಷೆ ಮಾಡಿಸಿದ್ದೀರಾ’ ಅಂತ ಇತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ಆವತ್ತು ಆಫೀಸಲ್ಲಿ ಎದೆ ಹಿಡಿದ ಹಾಗಾಗಿ ಒಂದು ಇಸಿಜಿ ಮಾಡಿಸಿದ್ದೆ, ಗ್ಯಾಸ್ ಅಂದರು, ನಿನಗೆ ಹೇಳಿರಲಿಲ್ಲ” ಅಂದರು. ಮದುವೆಯಾಗಿ ಐದು ವರ್ಷ, ನನಗೆ ಇದು ಗೊತ್ತಾಗಿದ್ದು ಇನ್ಶೂರೆನ್ಸ್ ಫಾರಂನಿಂದ! ಅದನ್ನೂ ಬರೆದ್ವಿ. ಅವರ ಪ್ರೀಮಿಯಂ ನಾಲ್ಕನೇ ಒಂದು ಭಾಗ ಜಾಸ್ತಿ ಮಾಡಿದರು. ಆದ್ರೂ ಇಬ್ಬರದೂ ಸೇರಿಸಿ 20 ವರ್ಷ ಕಟ್ಟೋದು ಆ 6.5ಕ್ಕಿಂತ ಕಡಿಮೆನೇ.

ನೋಂದಣಿಗೆ ಎರಡು ದಿನ ಮುಂಚೆ ಅವರ ಪಾಲಿಸಿ ಕೈಗೆ ಬಂತು. ಪೂರ್ತಿ ಓದಿದೆ, ಎರಡನೇ ಪುಟವನ್ನೂ.

ತಂಗಿ_ಬರೀತಾಳೆ

ಖುಷಿಯಾಯ್ತು. ಹೊಸಮನೆಗೆ ಒಳ್ಳೇದಾಗಲಿ.

ಅನುಮಾನಪ್ಪ

ಅಭಿನಂದನೆ ಮೇಡಂ. ಹಳೇ ಏಜೆಂಟ್ ಸರ್, ಒಂದು ಪ್ರಶ್ನೆ, ಬೇರೆಯವರ ಪರವಾಗಿ ಅಲ್ಲ, ನಂದೇ. ನನಗೂ ಹೋಮ್ ಲೋನ್ ಇದೆ, ನಾಲ್ಕು ವರ್ಷದ ಹಿಂದೆ ಟರ್ಮ್ ತಗೊಂಡಿದ್ದೆ. ಇಲ್ಲಿ ಓದಿದ ಮೇಲೆ ಪಾಲಿಸಿ ತೆಗೆದು ನೋಡಿದೆ. ‘ಧೂಮಪಾನ: ಇಲ್ಲ’ ಅಂತಿದೆ. ಆಗಲೂ ಸೇದ್ತಿದ್ದೆ, ಈಗಲೂ ದಿನಕ್ಕೆ ಐದಾರು. ಏಜೆಂಟ್ “ಹಾಗೇ ಬಿಡಿ” ಅಂದಿದ್ದ. ಈಗೇನು ಮಾಡೋದು?

ಹಳೇ_ಏಜೆಂಟ್

ಕಂಪನಿಗೆ ಈಗಲೇ ಲಿಖಿತವಾಗಿ ತಿಳಿಸಿ. ಪ್ರೀಮಿಯಂ ಏರಿಸಬಹುದು, ಹಳೇ ವ್ಯತ್ಯಾಸ ಕಟ್ಟಿ ಅನ್ನಬಹುದು, ತೀರಾ ಕೆಟ್ಟದ್ದಂದ್ರೆ, ನಿಮ್ಮ ಕಡೆಯ ನಿಯಮ ಬಿಟ್ಟರೆ, ಪಾಲಿಸಿ ರದ್ದು ಮಾಡಬಹುದು. ಅದಕ್ಕೇ ಈಗಿರೋದನ್ನ ನಿಲ್ಲಿಸದೆ ಇನ್ನೊಂದು ಕಡೆ ನಿಜ ಹೇಳಿ ಅರ್ಜಿ ಹಾಕಿಡಿ. ಅದು ಕೈಗೆ ಬಂದ ಮೇಲೆ ಹಳೇದರ ವಿಚಾರ. ಮಧ್ಯದಲ್ಲಿ ಸೇದೋದು ಬಿಟ್ಟರೂ ತಕ್ಷಣ ‘ಸೇದಲ್ಲ’ ಅಂತ ಬರೀಬೇಡಿ. ಕಡಿಮೆ ಅಂದ್ರೂ ಒಂದು ವರ್ಷ ಪೂರ್ತಿ ಬಿಟ್ಟಿರಬೇಕು ಅಂತ ಕೇಳೋದು ರೂಢಿ, ಪರೀಕ್ಷೆಯಲ್ಲಿ ನಿಕೋಟಿನ್ ಸಿಕ್ಕಿಬೀಳತ್ತೆ.

ಅನುಮಾನಪ್ಪ

ಪತ್ರ ಬರೆದಿಟ್ಟಿದ್ದೀನಿ ಸರ್. ಕಳಿಸೋ ಮುಂಚೆ ಹೆಂಡತಿಗೆ ಹೇಳಬೇಕು. ಅವಳಿಗೂ ‘ಇಲ್ಲ’ ಅಂತಲೇ ಹೇಳಿರೋದು.